ಅಣ್ಣನ ಕಪಾಟಿನ ರೆಕ್ಕಿ ಕಾರು

ಹೋದ ರವಿವಾರ ವೈನಿ ಮನ್ಯಾಗ ಸಣ್ಣದೊಂದು ರಾಮಾಯಣ ಆತು. ಪಡಸಾಲಿ ಕಪಾಟಿನ್ಯಾಗ ಅಣ್ಣ ಇಟ್ಟಿದ್ದ ಬೆಳ್ಳಿ ಬಣ್ಣದ ಆಟಗಿ ಕಾರು ಪುಟ್ಯಾನ ಕೈಗೆ ಸಿಕ್ಕು, ಅದರ ಒಂದು ಬಾಗಲಾ ಕಿತ್ತು ಕೈಯಾಗ ಬಂತು. ಪುಟ್ಯಾ ಅಂದ್ರ ವೈನಿ ಮೊಮ್ಮಗ, ಆರು ವರ್ಷದಂವ. ಕಿತ್ತ ಬಾಗಲಾ ಹಿಡಕೊಂಡು ಅಡಗಿ ಮನಿಗೆ ಓಡಿ ಬಂದ. ವೈನಿ ರೊಟ್ಟಿ ಬಡೀಲಿಕತ್ತಿದ್ರು, ನಾ ಎಣಗಾಯಿಗೆ ಮಸಾಲಿ ತುಂಬಲಿಕತ್ತಿದ್ದೆ. ಮುರದೆ ಅಂತ ಹೇಳೂದು ಬಿಟ್ಟು ಹುಡುಗ ಕೇಳಿದ್ದೇನು ಗೊತ್ತದ? "ಅಜ್ಜಿ, ಎಲ್ಲಾ ಕಾರಿನ ಬಾಗಲಾ ಬಾಜೂಕ ತಗೀತಾವು. ಇದರದಷ್ಟ ಮ್ಯಾಲ ಯಾಕ ತಗೀತದ? ಅದಕ್ಕ ಮುರೀತು ನೋಡು."

ತಪ್ಪು ಕಾರಿಂದು, ಹುಡುಗಂದಲ್ಲ. ಆಗಲಿ.

ನಾ ಬದನಿಕಾಯಿಂದ ತಲಿ ಎತ್ತದನ, "ಛಂದ ಕಾಣ್ಲಿ ಅಂತ ಮಾಡಿರ್ತಾರಪಾ" ಅಂದೆ. ವೈನಿ ರೊಟ್ಟಿ ಹೊಳ್ಳಿಸಿ ಹಾಕಿ, "ರೊಕ್ಕ ಹೆಚ್ಚಾದವರ ಆಟ ಅವು. ಹೋಗ್ಲಿ ಬಿಡು, ಧೂಳು ತಿನ್ನೂ ಸಾಮಾನು ಒಂದು ಕಡಿಮಿ ಆತು. ಮುಂದಿನ ರವಿವಾರ ಗುಜರಿಯವ ಬರ್ತಾನ, ಅಟ್ಟದ ಮ್ಯಾಲಿನ ಟ್ರಂಕಿನ ಜೋಡಿ ಇದನ್ನೂ ಹಾಕಿಬಿಡ್ತೀನಿ" ಅಂದ್ರು.

ಟ್ರಂಕು ಅಂದಕೂಡಲೇ ನನ್ನ ಕೈ ನಿಂತಬಿಟ್ಟಿತು. ಅದು ಅಣ್ಣನ ಸಾಮಾನಿನ ಟ್ರಂಕು. ಅಂವ ಹೋಗಿ ಎರಡು ವರ್ಷ ಆತು.

ಅಣ್ಣನ್ನ ಕಂಡವರು ನಿಮ್ಮೊಳಗ ಭಾಳ ಮಂದಿ ಇದ್ದೀರಿ. ಕಾಣದವರಿಗೆ ಎರಡು ಮಾತು. ಹುಬ್ಬಳ್ಳಿಯೊಳಗ ಮೂವತ್ತೆಂಟು ವರ್ಷ ಡೀಸೆಲ್ ಪಂಪ್ ರಿಪೇರಿ ಮಾಡಿದಂವ. ಲಾರಿ, ಟ್ರ್ಯಾಕ್ಟರ್ ಎಂಜಿನ್ನಿಗೆ ಡೀಸೆಲ್ ಅಳದು ಅಳದು ಕೊಡೂ ಪಂಪು ಇರ್ತದಲ್ಲ, ಅದರದ್ದು. ಜರ್ಮನಿಯ ಬಾಷ್ ಕಂಪನಿ 1951ರಾಗ ಬೆಂಗಳೂರಿನ್ಯಾಗ ಮೈಕೋ ಅಂತ ಚಾಲೂ ಮಾಡಿತ್ತು. ಮುಂದ ಆ ಮೈಕೋ ಪಂಪು ನಮ್ಮ ಕಡೆ ಎಲ್ಲಾ ಲಾರಿ, ಟ್ರ್ಯಾಕ್ಟರಿಗೂ ಬಂತು. ಅಣ್ಣಗ ಅದರ ಮ್ಯಾಲ ದೇವರ ಮನಿ ಸಾಮಾನಿನ ಮ್ಯಾಲ ಇದ್ದಷ್ಟ ಭಕ್ತಿ. ವೈನಿಗೆ ಅದರ ಮ್ಯಾಲ ಅಷ್ಟ ಸಿಟ್ಟು. ಅವನ ಅರಿವಿ ಬ್ಯಾರೆ ಬಕೀಟಿನ್ಯಾಗ ನೆನಸಬೇಕಾಗತಿತ್ತು. ಮಗಳ ಕುಪ್ಪಸದ ದಿನಾ ಎಲಿ ಮುಂದ ಕೂತಂವ, ಬಿತ್ತಗಿ ಹೊತ್ತಿನ್ಯಾಗ ಯಾರೋ ರೈತ ಟ್ರ್ಯಾಕ್ಟರ್ ಪಂಪು ಹೊತಗೊಂಡು ಬಂದಾನ ಅಂತ ಅರ್ಧಾ ಊಟಕ್ಕ ಎದ್ದು ಹೋಗಿದ್ದ. ಬರೋದರಾಗ ದೀಪಾ ಹಚ್ಚೂ ಹೊತ್ತಾಗಿತ್ತು. ಅದನ್ನ ವೈನಿ ಇವತ್ತಿಗೂ ಮರತಿಲ್ಲ. ಮರೀಬೇಕು ಅಂತ ನಾ ಹೇಳೂದೂ ಇಲ್ಲ.

ಆ ಕಾರು ತಂದಾವ ನನ್ನ ಮಗ. ಆಫೀಸ್ ಕೆಲಸಕ್ಕ ಜರ್ಮನಿಗೆ ಹೋದಾಗ ಸ್ಟುಟ್‌ಗಾರ್ಟಿನ ಮರ್ಸಿಡಿಸ್ ಮ್ಯೂಸಿಯಂ ನೋಡಿ, ಸ್ವಾದರಮಾವಗ ಅಂತ ತೊಗೊಂಡು ಬಂದಿದ್ದ. ಅಣ್ಣ ಅದನ್ನ ಕಿಟಕಿ ಬೆಳಕಿಗೆ ಹಿಡದು, ಉಗುರಿನಿಂದ ಬಾನೆಟ್ ಎಬ್ಬಿಸಿ, ಭೂತಗನ್ನಡಿ ಹಚ್ಚಿ ನೋಡಿದ. "ಇಲ್ಲಿ ಬಾ ಇಲ್ಲಿ, ಇದರ ಪಂಪು ನಮ್ಮ ಬಳಗದ್ದು ನೋಡವಾ" ಅಂತ ನನ್ನ ಕರದ. ಒಲಿ ಮ್ಯಾಲ ಹಾಲಿಟ್ಟಿದ್ದೆ. "ಬಂದೆ" ಅಂದೆ, ಹೋಗಲಿಲ್ಲ. ಅಂವ ಮತ್ತ ಕರೀಲಿಲ್ಲ.

ರವಿವಾರ ರಾತ್ರಿ ಮಗಗ ಫೋನ್ ಹಚ್ಚಿದೆ. ಅಂವ ಒಂದಿಷ್ಟು ಹೇಳಿದ, ಒಂದಿಷ್ಟು ಓದ್ಲಿಕ್ಕೆ ಕಳಿಸಿದ. ಮೂರು ರಾತ್ರಿ ಚಾಳೀಸು ಹಾಕ್ಕೊಂಡು ಓದಿದೆ. ಗುರುವಾರ ವೈನಿ ಮನಿಗೆ ಹೋದೆ. ಅವರು ಶೇಂಗಾ ಒಡಕೋತ ಕೂತಿದ್ರು. ನಾನೂ ಮೊರದ ಮುಂದ ಕೂತು ಶುರು ಹಚಕೊಂಡೆ.

ಆ ಕಾರಿನ ಹೆಸರು ಮರ್ಸಿಡಿಸ್ ಬೆಂಜ್ 300 ಎಸ್ಎಲ್. ಇಂಗ್ಲಿಷಿನವರು ಗಲ್‌ವಿಂಗ್ ಅಂತಾರ, ಕಡಲ ಹಕ್ಕಿ ರೆಕ್ಕಿ. ಫ್ರೆಂಚರು ಪಾತರಗಿತ್ತಿ ಅಂತಾರ. ಎರಡೂ ಬಾಗಲಾ ತಗದು ನಿಲ್ಲಿಸಿದ್ರ ಖರೇನ ಹಂಗ ಕಾಣತದ. ಆದ್ರ ಅದು ಛಂದಕ್ಕ ಅಂತ ಹುಟ್ಟಿದ ಬಾಗಲಾ ಅಲ್ಲ, ಬಡತನಕ್ಕ ಹುಟ್ಟಿದ್ದು.

"ಬೆಂಜ್ ಕಾರಿನವರಿಗೆ ಎಂಥಾ ಬಡತನ?" ಅಂದ್ರು ವೈನಿ.

ಇತ್ತು. ಯುದ್ಧದಾಗ ಅವರ ಕಾರ್ಖಾನಿ ಬಾಂಬು ಬಿದ್ದು ಹಾಳಾಗಿದ್ದವು. 1951ರ ಹೊತ್ತಿಗೆ ಮತ್ತ ರೇಸಿಗೆ ಇಳೀಬೇಕು ಅಂತ ಆಸೆ, ಆದ್ರ ರೇಸಿಗಂತನ ಹೊಸಾ ಎಂಜಿನ್ನು ಮಾಡ್ಲಿಕ್ಕೆ ಕೈಯಾಗ ರೊಕ್ಕಾ ಇಲ್ಲ, ವ್ಯಾಳ್ಯಾನೂ ಇಲ್ಲ. ಮನ್ಯಾಗ ಇದ್ದದ್ದು ಒಂದ ದೊಡ್ಡ ಎಂಜಿನ್ನು, 300 ಅನ್ನೂ ದೊಡ್ಡ ಕಾರಿಂದು. ಅಲ್ಲಿಯ ಪ್ರಧಾನಿ ಅಡೆನಾವರ್ ಓಡಾಡತಿದ್ದ ಕಾರದು. ಗಂಭೀರ ಮಂದಿ ಹಿಂದ ಕೂತು ಪೇಪರ್ ಓದಿಕೋತ ಹೋಗೂವಂಥಾದ್ದು. ಮೂರು ಲೀಟರು, ಆರು ಸಿಲಿಂಡರು, 115 ಅಶ್ವಶಕ್ತಿ. ಭಾರಾನೂ ಭಾರಾ, ಎತ್ತರಾನೂ ಎತ್ತರ. ಅದನ್ನ ತಿದ್ದಿ ತೀಡಿ 170ರ ಸುಮಾರಿಗೆ ತಂದ್ರೂ ಬ್ಯಾರೆಯವರ ರೇಸ್ ಕಾರಿನ ಮುಂದ ಅದು ಸಾಲಂಗಿಲ್ಲ.

ಎಂಜಿನ್ನು ಬದಲಾಯಿಸ್ಲಿಕ್ಕೆ ಆಗಂಗಿಲ್ಲ ಅಂದ್ರ ಉಳದದ್ದೆಲ್ಲಾ ಹಗುರ ಮಾಡಬೇಕು. ಹೆಸರಿನ್ಯಾಗಿನ ಎಲ್ ಅಂದ್ರ ಜರ್ಮನ್ ಭಾಷಾದಾಗ ಹಗುರ ಅಂತನ. ರುಡಾಲ್ಫ್ ಉಲೆನ್‌ಹೌಟ್ ಅನ್ನೂ ಎಂಜಿನಿಯರು, ತಂದಿ ಜರ್ಮನ್, ತಾಯಿ ಇಂಗ್ಲಿಷಿನಾಕಿ, ಕಾರಿನ ಚೌಕಟ್ಟನ್ನ ಸಣ್ಣ ಸಣ್ಣ ಉಕ್ಕಿನ ಕೊಳವಿಯಿಂದ ಕಟ್ಟಿದ. ಮದವಿ ಹಂದರಕ್ಕ ಬಿದಿರು ಕಟ್ಟತಾರಲ್ಲ, ಅಡ್ಡ ಉದ್ದ ಮೂಲಿ, ಎಲ್ಲೆಲ್ಲೂ ತ್ರಿಕೋನ ಬರೂ ಹಂಗ. ಒಂದೊಂದು ಕೊಳವಿ ಕಡ್ಡಿಯಂಥಾದ್ದು, ಎಲ್ಲಾ ಕೂಡಿದ್ರ ಗಟ್ಟಿ. ಇಡೀ ಚೌಕಟ್ಟಿನ ತೂಕ ಸುಮಾರು 50 ಕಿಲೋ, ಒಂದ ಸಿಮೆಂಟ್ ಚೀಲದಷ್ಟ. ಎತ್ತರದ ಎಂಜಿನ್ನನ್ನ 50 ಡಿಗ್ರಿ ಎಡಕ್ಕ ವಾಲಿಸಿ ಮಲಗಿಸಿದ್ರು, ಮೂತಿ ತಗ್ಗಾತು, ಗಾಳಿ ಸೀಳ್ಲಿಕ್ಕೆ ಹದಾ ಆತು.

ಆದ್ರ ಹಂದರ ಗಟ್ಟಿ ನಿಲ್ಲಬೇಕಂದ್ರ ಬದಿಯ ಕೊಳವಿ ಎತ್ತರ ಇರಬೇಕು. ಕಾರಿನ ಎರಡೂ ಬಾಜೂ ಹೊಟ್ಟಿ ಮಟಾ ಕಟ್ಟಿ ಕಟ್ಟಿದಂಗ ಆತು. ಎಲ್ಲಾರ ಕಾರಿಗೆ ಬಾಗಲಾ ಇರೂ ಜಾಗಾದಾಗ ಇದಕ್ಕ ಕೊಳವಿ! ಅದನ್ನ ಕತ್ತರಿಸಿದ್ರ ಇಡೀ ಹಂದರ ಕೂತು ಬೀಳತದ. ಬಾಗಲಾ ಎಲ್ಲಿ ಇಡೂದು? ರೇಸಿನ ನಿಯಮದಾಗ ಬಾಗಲಾ ಯಾವ ಕಡೆ ತಗೀಬೇಕು ಅಂತ ಬರದಿರಲಿಲ್ಲ. ಅವರು ಮಾಳಗಿಗೆ ಬಾಗಲಾ ಇಟ್ಟರು.

ವೈನಿ ಶೇಂಗಾ ಒಡಿಯೂದು ನಿಲ್ಲಿಸಿ, "ಹಂಗಾರ ನಮ್ಮ ಹಳೇ ಮನಿ ಬಚ್ಚಲದ ಕಥಿ ಆತು ಬಿಡು" ಅಂದ್ರು. ತೊಲಿ ಅಡ್ಡ ಬಂದದ್ದಕ್ಕ ಆ ಬಚ್ಚಲಕ್ಕ ಬಾಗಲಾ ಸೊಟ್ಟ ಇಟ್ಟಿದ್ರು, ಮೂರು ತಲಿಮಾರು ಮೈ ಬಗ್ಗಿಸಿ ಹೋಗೋದಾತು. ಬಂದವರೆಲ್ಲಾ ಅದನ್ನ ಹಳೇ ಕಾಲದ ವಾಸ್ತು ಅಂತ ಹೊಗಳತಿದ್ರು.

ಮೊದಮೊದಲು ಆ ಬಾಗಲಾ ಬರೇ ಕಿಟಕಿ ಮಟಾ ಇತ್ತು, ಡಬ್ಬಿ ಮುಚ್ಚಳದಂಗ. ಕೂಡೂದು ಭಾಳ ತ್ರಾಸು ಅಂತ ಆಮ್ಯಾಲ ಒಂದಿಷ್ಟು ಕೆಳಗ ಇಳಿಸಿದ್ರು. ಆದ್ರೂ ಕಟ್ಟಿ ದಾಟೂದು ತಪ್ಪಲಿಲ್ಲ. ಮೊದಲ ಕಟ್ಟಿ ಮ್ಯಾಲ ಕೂತು, ಎರಡೂ ಕಾಲು ಕೂಡಿಸಿ ಒಳಗ ತೊಗೊಂಡು, ಆಮ್ಯಾಲ ಖುರ್ಚಿಗೆ ಜಾರಬೇಕು. ನಡೂಕ ಅಡ್ಡ ಬರ್ತದ ಅಂತ ಸ್ಟೇರಿಂಗ್ ಚಕ್ರಾ ಸುದ್ಧಾ ಮಡಚೂ ಹಂಗ ಮಾಡಿದ್ರು. ಇಳಕಲ್ ಸೀರಿ ಉಟಗೊಂಡು ಹತ್ತೂ ಕಾರಲ್ಲ ಅದು. ನಾ ಹತ್ತಿ ಇಳದದ್ದನ್ನ ನೆನಸಿಕೊಂಡು ಇಬ್ಬರೂ ನಕ್ಕಿವಿ.

ಅಂಥಾ ಕಡಿಮಿ ಶಕ್ತಿ ಎಂಜಿನ್ನಿನ ಕಾರು 1952ರಾಗ ಫ್ರಾನ್ಸಿನ ಲೆ ಮಾನ್ಸ್ ರೇಸಿನ್ಯಾಗ ಇಪ್ಪತ್ತನಾಲ್ಕು ತಾಸು ಓಡಿ ಮೊದಲನೇದು, ಎರಡನೇದು ಎರಡೂ ಬಹುಮಾನ ತೊಗೊಂಡು ಬಂತು. ಅದೇ ವರ್ಷ ನವೆಂಬರದಾಗ ಮೆಕ್ಸಿಕೋಕ್ಕ ಹೋತು. ಈ ಭಾಗ ನಾ ವೈನಿಗೆ ಕೈ ಮಾಡಿ ಮಾಡಿ ಹೇಳಿದೆ.

ಕರೇರಾ ಪಾನಮೆರಿಕಾನಾ ಅಂತ ಆ ರೇಸಿನ ಹೆಸರು. ದೇಶದ ದಕ್ಷಿಣ ತುದಿಯಿಂದ ಉತ್ತರ ತುದಿಗೆ ಐದು ದಿನಾ, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಮೈದಾನ ಅಲ್ಲ, ಊರ ರಸ್ತಾ, ಘಾಟು, ಮರುಭೂಮಿ. ಕಾರು ಓಡಸಾಂವ ಕಾರ್ಲ್ ಕ್ಲಿಂಗ್, ಬಾಜೂಕ ಹಾನ್ಸ್ ಕ್ಲೆಂಕ್. ಕ್ಲೆಂಕ್ ಮೊದಲ ದಾರಿ ನೋಡಿ ತಿರುವು, ದಿಬ್ಬ ಎಲ್ಲಾ ಬರಕೊಂಡಿದ್ದ, ಓದಿ ಹೇಳಿಕೋತ ಹೋಗತಿದ್ದ. ಇನ್ನೂರರ ಆಜುಬಾಜೂ ಹೊಂಟಿತ್ತು ಕಾರು. ರಸ್ತಾ ಕಡಿಂದ ಒಂದು ರಣಹದ್ದು ಎದ್ದು ಬಂದು ಕ್ಲೆಂಕ್ ಮುಂದಿನ ಗಾಜಿಗೆ ಬಡೀತು. ಗಾಜು ಒಡದು, ಹಕ್ಕಿ ಒಳಗ ಬಂದು, ಆ ಮನಷ್ಯಾನ ಮಾರಿ ತುಂಬ ರಕ್ತ. ಎಚ್ಚರ ತಪ್ಪಿತ್ತು. ಎಚ್ಚರಾದ ಮ್ಯಾಲ ನಿಲ್ಲಿಸು ಅನ್ನಲಿಲ್ಲ, ನಡಿ ಅಂದ. ಹಂಗ ಹೋಗಿ ಮುಂದ ಟೈರ್ ಬದಲಾಯಿಸೂ ಜಾಗಾದಾಗ ನಿಲ್ಲಿಸಿದ್ರು. ಮರುದಿನ ಗಾಜಿನ ಮುಂದ ಎಂಟು ಉಕ್ಕಿನ ಸಳಿ ಹಚ್ಚಿದ್ರು, ನಮ್ಮ ಕಿಟಕಿಗೆ ಮಂಗ್ಯಾ ಬರಬಾರದು ಅಂತ ಹಚ್ಚತೀವಲ್ಲ, ಹಂಗ. ಆ ರೇಸೂ ಗೆದ್ದರು.

ವೈನಿ ಮುಖಾ ಸಣ್ಣದು ಮಾಡಿ, "ಆ ಕ್ಲೆಂಕನ ಹೆಂಡ್ತಿಗೆ ಇದನ್ನ ಯಾರು ಹೇಳಿದ್ರು?" ಅಂದ್ರು.

ನಾ ಓದಿದ ಯಾವ ಗಂಡಸೂ ಆ ಪ್ರಶ್ನಿ ಕೇಳಿರಲಿಲ್ಲ. ಸುಮ್ಮನ ಶೇಂಗಾ ಒಡದೆ.

ಅದು ಇನ್ನೂ ಬರೇ ರೇಸಿನ ಕಾರು. ಮಂದಿ ಕೊಳ್ಳೂವಂಥಾದ್ದು ಮಾಡ್ಲಿಕ್ಕೆ ಕಂಪನಿಗೆ ಮನಸಿರಲಿಲ್ಲ. ನ್ಯೂಯಾರ್ಕಿನ್ಯಾಗ ಯುರೋಪಿನ ಕಾರು ತರಸಿ ಮಾರೂ ಮ್ಯಾಕ್ಸ್ ಹಾಫ್‌ಮನ್ ಅಂತ ವಿಯೆನ್ನಾದಂವ ಇದ್ದ. ಅಂವ ಬೆನ್ನು ಹತ್ತಿದ, ಇಂಥಾದ್ದು ಮಾಡ್ರಿ, ಅಮೆರಿಕಾದಾಗ ನಾ ಮಾರತೀನಿ ಅಂತ. 1954ರ ಫೆಬ್ರುವರಿಗೆ ನ್ಯೂಯಾರ್ಕಿನ ಪ್ರದರ್ಶನದಾಗ ಮಂದಿಗೆ ತೋರಿಸಿದ್ರು. ಜರ್ಮನಿಯೊಳಗ ಅದರ ಬೆಲಿ 29,000 ಮಾರ್ಕು. ಅಷ್ಟಕ್ಕ ಬೀಟಲ್ ಕಾರು ಐದಾರರ ಮ್ಯಾಲ ಬರತಿದ್ದವು. ಸಿನೆಮಾದವರು, ರಾಜರು, ಸಾವಕಾರರು ಕೊಂಡರು. ವೈನಿ ಹೇಳಿದ ರೊಕ್ಕದ ಮಾತು ಇಲ್ಲಿ ಖರೇ ಆತು, ಅದನ್ನ ಒಪ್ಪಿಕೊಂಡೆ.

ಈಗ ಪಂಪಿನ ಮಾತು. ಇದನ್ನ ಹೇಳೂ ಸಲುವಾಗೇ ನಾ ಹೋಗಿದ್ದೆ.

ಆಗಿನ ಪೆಟ್ರೋಲ್ ಕಾರಿಗೆಲ್ಲಾ ಕಾರ್ಬುರೇಟರ್ ಇರತಿತ್ತು. ಹೊರಗ ಒಂದು ಪಾತ್ರಿಯೊಳಗ ಪೆಟ್ರೋಲು, ಗಾಳಿ ಕಲಸಿಟ್ಟಂಗ, ಎಂಜಿನ್ನು ತನಗ ಬೇಕಾದಷ್ಟು ಎಳಕೋತದ. ನಡುವ ಸಾರಿನ ಬೋಗೋಣಿ ಇಟ್ಟು, ನೀವ ಬಡಿಸಿಕೊಳ್ರಿ ಅಂದಂಗ. ಒಬ್ಬಾವಗ ಬ್ಯಾಳಿ ಬರ್ತದ, ಒಬ್ಬಾವಗ ಬರೇ ತಿಳಿ. ಮಾರಲಿಕ್ಕೆ ಮಾಡಿದ 300 ಎಸ್ಎಲ್‌ಗೆ ಕಾರ್ಬುರೇಟರ್ ತಗದುಬಿಟ್ಟರು. ಅದರ ಬದಲಿ ಬಾಷ್ ಕಂಪನಿ ಪಂಪು. ಆರು ಸಿಲಿಂಡರಿಗೆ ಆರು ಕೊಳವಿ, ಒಂದೊಂದಕ್ಕೂ ಅಳದು, ಬೇಕಾದ ಕ್ಷಣಕ್ಕ, ಸೀದಾ ಸಿಲಿಂಡರಿನ ಹೊಟ್ಟಿಯೊಳಗ ನಂಜಿನಂಗ ಸಿಡಿಸೂದು. ಅವ್ವ ಎಲ್ಲಾರ ತಾಟಿಗೂ ತಾನ ನೋಡಿ ನೋಡಿ ತುಪ್ಪ ಹಾಕತಿದ್ದಳಲ್ಲ, ಯಾರಿಗೂ ಒಂದು ಹನಿ ಹೆಚ್ಚಿಲ್ಲ ಕಡಿಮಿ ಇಲ್ಲ, ಹಂಗ. ವಿಮಾನದ ಎಂಜಿನ್ನಿಗೆ ಇದನ್ನ ಮೊದಲ ಮಾಡಿದ್ರು. ನಾಲ್ಕು ಹೊಡೆತದ ಪೆಟ್ರೋಲ್ ಎಂಜಿನ್ನಿನ ಕಾರು, ಇದನ್ನ ಹಾಕ್ಕೊಂಡು ಅಂಗಡಿಗೆ ಬಂದದ್ದು ಇದ ಮೊದಲು. ಅದ ಮುದುಕ ಎಂಜಿನ್ನು 115ರಿಂದ 215ಕ್ಕ ಹೋತು. ತಾಸಿಗೆ 250 ಕಿಲೋಮೀಟರಿನ ಸನೇಕ ಓಡೂ ಕಾರು ಆತು.

ಮತ್ತ ಆ ಪಂಪು ನೋಡ್ಲಿಕ್ಕೆ ಹೆಂಗದ? ಸಾಲಾಗಿ ಆರು ತಲಿ, ಆರು ಸಣ್ಣ ಕೊಳವಿ. ಲಾರಿ ಪಂಪಿನ ಖಾಸ ಅಣ್ಣ-ತಮ್ಮ. ಜಗತ್ತಿನ ಸಾವಕಾರರೆಲ್ಲಾ ಹೊಟ್ಟಿಕಿಚ್ಚು ಪಟ್ಟ ಕಾರಿನ ಎದಿಯೊಳಗ ಇದ್ದದ್ದು, ನಮ್ಮ ಅಣ್ಣ ಎಣ್ಣಿ ಕೈಲೆ ದಿನಾ ಬಿಚ್ಚತಿದ್ದ ಸಾಮಾನಿನ ಜಾತಿನ.

"ಅದಕ್ಕ ಬಳಗದ್ದು ಅಂದಿದ್ದ ವೈನಿ, ನನಗ. ನಾ ಹಾಲು ಉಕ್ಕತದ ಅಂತ ಹೋಗಲಿಲ್ಲ" ಅಂದೆ.

ವೈನಿ ಭಾಳೊತ್ತು ಮಾತಾಡಲಿಲ್ಲ. ಆಮ್ಯಾಲ, "ನೊಝಲ್ ಅಂತ ತರತಿದ್ರು. ಕಿಟಕಿ ಬೆಳಕಿಗೆ ಹಿಡದು ಹಿಡದು ನೋಡೂದು. ನನ್ನ ಹಾಲಿನ ಬೋಗೋಣ್ಯಾಗ ರಾಕೇಲ್ ಹಾಕಿ ತೊಳದಿದ್ರು ಒಮ್ಮೆ. ಎರಡು ದಿನಾ ಮಾತು ಬಿಟ್ಟಿದ್ದೆ" ಅಂದ್ರು. ಇನ್ನೊಂದು ತುಸು ತಡದು, "ಕೂದಲಷ್ಟು ವ್ಯತ್ಯಾಸ ಬಂದ್ರೂ ಗಾಡಿ ಹೊಗಿ ಉಗಳತದ ಅಂತಿದ್ರು. ನಾ ಕೇಳಸಿಕೊಳ್ಳತಿದ್ದಿಲ್ಲ."

ಕಾರನ್ನ ಬರೇ ಹೊಗಳಿ ಬಂದೆ ಅಂತ ತಿಳಕೋಬ್ಯಾಡ್ರಿ. ಅದರ ಅವಗುಣಾನೂ ಹೇಳಿದೆ. ಕಿಟಕಿ ಗಾಜು ಇಳಸಲಿಕ್ಕೆ ಬರಂಗಿಲ್ಲ, ಬೇಕಾದ್ರ ಕಿತ್ತು ಇಡಬೇಕು, ಬ್ಯಾಸಗಿಯೊಳಗ ಒಳಗ ಕೂತ್ರ ಇಡ್ಲಿ ಪಾತ್ರಿ. ಹಿಂದಿನ ಡಿಕ್ಕಿಯೊಳಗ ಪೆಟ್ರೋಲ್ ಟಾಕಿ, ಸ್ಟೆಪ್ನಿ ಟೈರು ತುಂಬಿ ಜಾಗಾನ ಇಲ್ಲ, ಅದಕ್ಕ ಖುರ್ಚಿ ಹಿಂದ ಕೂಡೂ ಅಳತಿಗೆ ಬ್ಯಾಗ್ ಹೊಲಿಸಿ ಮಾರತಿದ್ರು. ಎಂಜಿನ್ನು ಬಂದ್ ಮಾಡಿದ್ರೂ ಅದು ತಿರುಗೂದು ನಿಲ್ಲೂ ಮಟಾ ಪಂಪು ಪೆಟ್ರೋಲ್ ಸಿಡಿಸೂದು ಬಿಡತಿದ್ದಿಲ್ಲ. ಉರೀಲಾರದ ಪೆಟ್ರೋಲು ಇಳದು ಕೆಳಗಿನ ಎಣ್ಣಿಗೆ ಕೂಡತಿತ್ತು, ಎಣ್ಣಿ ಪದೇ ಪದೇ ಬದಲಾಯಿಸಬೇಕು. ಅಣ್ಣಗ ಆ ಸುದ್ದಿ ಸಿಕ್ಕಿದ್ರ ನಾಲ್ಕು ರಾತ್ರಿ ನಿದ್ದಿ ಮಾಡತಿದ್ದಿಲ್ಲ ನೋಡ್ರಿ, ಅದನ್ನ ಹೆಂಗ ಸರಿ ಮಾಡೂದು ಅಂತ.

ಇವೆಲ್ಲಾ ನಗೂವಂಥಾವು. ನಗಲಾರದ್ದೂ ಇತ್ತು. ಹಿಂದಿನ ಗಾಲಿ ಕೂಡಿಸಿದ ರೀತಿ ಹೆಂಗಿತ್ತಂದ್ರ, ತಿರುವಿನ್ಯಾಗ ಅಂಜಿ ಒಮ್ಮೆಲೆ ಕಾಲು ತಗದ್ರ ಕಾರಿನ ಹಿಂಭಾಗ ಹೊಳ್ಳಿ ಮುಂದ ಬರತಿತ್ತು. ಅಂಜಿದವರನ್ನ ಕ್ಷಮಿಸಲಾರದ ಕಾರು. ಮತ್ತ 1955ರಾಗ, ಇದ ಮನೆತನದ ಬ್ಯಾರೆ ರೇಸ್ ಕಾರು, ಹೆಸರಿನ್ಯಾಗ ಒಂದು ಆರ್ ಹೆಚ್ಚಿಗಿ, 300 ಎಸ್ಎಲ್ಆರ್, ಅದ ಲೆ ಮಾನ್ಸಿನ್ಯಾಗ ಇನ್ನೊಂದು ಕಾರಿಗೆ ತಾಕಿ ಹಾರಿ ಮಂದಿ ನಡುವ ಬಿತ್ತು. ನೋಡ್ಲಿಕ್ಕೆ ಬಂದವರು ಎಂಬತ್ತಕ್ಕಿಂತ ಹೆಚ್ಚು ಜನ ಸತ್ತರು. ಆ ವರ್ಷದ ಕೊನಿಗೆ ಕಂಪನಿ ರೇಸು ಬಿಟ್ಟಿತು. ಭಾಳ ವರ್ಷ ಆ ಕಡೆ ಹಾಯಲಿಲ್ಲ. ಇದನ್ನ ಹೇಳೂಮುಂದ ನನಗೂ ಆ ಕಪಾಟಿನ ಕಾರಿನ ಮ್ಯಾಲಿನ ಪ್ರೀತಿ ಒಂದು ಹೆಜ್ಜಿ ಹಿಂದ ಸರೀತು. ಇಷ್ಟು ಜೋರು ಓಡಿ ಎಲ್ಲಿಗೆ ಹೋಗೂದಿತ್ತು? ಅಣ್ಣ ತನ್ನ ಸ್ಕೂಟರು ನಲವತ್ತರ ಮ್ಯಾಲ ಎಂದೂ ಓಡಿಸಿದಾವಲ್ಲ. ಅವನಿಗೆ ಓಟ ಬೇಕಾಗಿರಲಿಲ್ಲ, ಅಳತಿ ಬೇಕಾಗಿತ್ತು.

ರೆಕ್ಕಿ ಬಾಗಲದ ಕಾರು ಒಟ್ಟು 1,400 ಆದವು. 1957ಕ್ಕ ಮುಗೀತು. ಆಮ್ಯಾಲ 1963ರ ತನಕಾ ಮಾಳಗಿ ತಗಿಯೂವಂಥಾ 300 ಎಸ್ಎಲ್ ಮಾಡಿದ್ರು. ಅದಕ್ಕ ಹಂದರದ ಬದಿ ತಗ್ಗಿಸಿ, ಎಲ್ಲಾರಂಗ ಬಾಜೂಕ ಬಾಗಲಾ ಇಟ್ಟರು, ಹಿಂದಿನ ಗಾಲಿನೂ ಸುಧಾರಿಸಿದ್ರು. ಕಟ್ಟಿ ತಗ್ಗಿದ ಕೂಡಲೇ ರೆಕ್ಕಿ ಹೋತು. ಇವತ್ತು ಎಲ್ಲಾರೂ ಹುಡುಕೂದು ಮಾತ್ರ ಆ ತ್ರಾಸಿನ ಕಾರನ್ನ.

ಕಥಿ ಮುಗೀತು, ಶೇಂಗಾನೂ ಮುಗದವು. ವೈನಿ ಸಿಪ್ಪಿ ಬಳದು ಎದ್ದು, "ಆ ಟ್ರಂಕ ಕೆಳಗ ಇಳಸೂಣ ಬಾ" ಅಂದ್ರು.

ಇಬ್ಬರೂ ಕೂಡಿ ಇಳಿಸಿದಿವಿ. ನನ್ನ ಸೊಂಟ ಇನ್ನೂ ಹಿಡದದ. ಒಳಗ ಪಾನಾ, ಸಣ್ಣ ಬ್ರಶ್ಶು, ಕಟ್ಟಿಗಿ ಡಬ್ಬಿ. ಡಬ್ಬಿಯೊಳಗ ಹದಿನೈದಿಪ್ಪತ್ತು ನೊಝಲ್, ಒಂದೊಂದನ್ನೂ ಬ್ಯಾರೆ ಬ್ಯಾರೆ ಅರಿವಿಯೊಳಗ ಸುತ್ತಿ ದಾರಾ ಕಟ್ಟಿದ್ದ, ಎಣ್ಣಿಯಿಂದ ಅರಿವಿ ಹಳದಿ ಆಗಿತ್ತು. ವೈನಿ ಒಂದು ಬಿಚ್ಚಿ, ಅರಿವಿ ಕಣ್ಣಿಗೆ ಹತ್ತಿರ ಹಿಡದು ನೋಡಿದ್ರು. "ನನ್ನ ನೀಲಿ ಚೌಕಡಿ ಸೀರಿ ಇದು! ಭಾಂಡೆದಾಕಿಗೆ ಹಾಕಿದೆ ಅನಕೊಂಡಿದ್ದೆ, ಹುಡುಕಿ ಹುಡುಕಿ ಸಾಕಾಗಿತ್ತು. ಕೇಳಿದ್ರ ನನಗೇನು ಗೊತ್ತು ಅಂದಿದ್ರು!" ಅಂತ ಬೈಲಿಕ್ಕೆ ಶುರು ಮಾಡಿದ್ರು. ಎರಡು ವರ್ಷ ಆದ ಮ್ಯಾಲ ಅಣ್ಣನ್ನ ಅವರು ಬೈದದ್ದು ಅವತ್ತ ಕೇಳಿದೆ. ಬೈಕೋತನ ಆ ನೊಝಲ್ ಮತ್ತ ಅದ ಅರಿವಿಯೊಳಗ ಸುತ್ತಿ, ದಾರಾ ಬಿಗದು, ಡಬ್ಬಿಯೊಳಗ ಇಟ್ಟರು.

ಈ ರವಿವಾರ ಗುಜರಿಯವ ಬಂದಿದ್ದ. ಹಳೇ ಪೇಪರು, ಎರಡು ಮುರಕ ಬಕೀಟು ಹಾಕಿದ್ರಂತ.

ಕಾರಿನ ಬಾಗಲಾ ಹಚ್ಚಲಿಕ್ಕೆ ಬರಂಗಿಲ್ಲ ಅಂತ ಗಡಿಯಾರ ರಿಪೇರಿಯವ ಹೇಳಿದ. ಅಂಟು ಹಾಕಿದ್ರ ಹತ್ತತದ, ಆದ್ರ ಮತ್ತ ತಗಿಯಂಗಿಲ್ಲ. ಹಂಗಾದ್ರ ಬ್ಯಾಡ ಅಂದ್ರು ವೈನಿ. ಒಂದ ರೆಕ್ಕಿಲೇ ಕಪಾಟಿನ್ಯಾಗ ಕೂತದ. ಪುಟ್ಯಾನ್ನ ತೊಡಿ ಮ್ಯಾಲ ಕೂಡಿಸಿಕೊಂಡು ಕೊಳವಿ, ಹಂದರ, ಕಟ್ಟಿ ಎಲ್ಲಾ ಹೇಳಿ, ನಾ ಅವತ್ತು ಹೇಳಿದ್ದು ಸುಳ್ಳು, ಇದು ಖರೇ ಉತ್ತರ ಅಂದೆ. ಅಂವ ಭಾಳ ವಿಚಾರ ಮಾಡಿ, "ಅಜ್ಜಿ, ಮಳ್ಯಾಗ ಬಾಗಲಾ ತಗದ್ರ ಖುರ್ಚಿ ತೋಯ್ತದಲ್ಲ?" ಅಂದ.

"ತೋಯ್ತದಪಾ" ಅಂದೆ.